‘ಮಿತಿಯೊಳಗಿದೆ’ ಎಂದು ಬರೆಯುವ ಮೊದಲು: ಪರಿಸರದ ಮಿತಿಗಳನ್ನು ನಿರ್ಧರಿಸುವವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಹಲವು ವರ್ಷ ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು. ಬಾಟಲಿಯಲ್ಲಿ ನೀರು ಬರುತ್ತಿತ್ತು. ಯಂತ್ರದಲ್ಲಿ ಅಳೆದು, ಬಂದ ಅಂಕಿಯನ್ನು ಫಾರಂನಲ್ಲಿ ತುಂಬುತ್ತಿದ್ದೆ. ಪಕ್ಕದ ಕಾಲಂನಲ್ಲಿ ‘ಅನುಮತಿಸಿದ ಮಿತಿ’ ಅಂತ ಮೊದಲೇ ಅಚ್ಚಾಗಿರುತ್ತಿತ್ತು. ನಮ್ಮ ಅಂಕಿ ಅದಕ್ಕಿಂತ ಕಡಿಮೆ ಇದ್ದರೆ ‘ಮಿತಿಯೊಳಗಿದೆ’ ಎಂದು ಬರೆದು ಸಹಿ ಹಾಕುವುದು. ಅಲ್ಲಿಗೆ ನನ್ನ ಕೆಲಸ ಮುಗಿಯಿತು.

ಒಂದು ದಿನ ವರದಿ ತೆಗೆದುಕೊಂಡು ಹೋಗಲು ಒಬ್ಬ ತಾಯಿ ಬಂದರು. ಕಂಕುಳಲ್ಲಿ ಆರೇಳು ತಿಂಗಳ ಕೂಸು. ವರದಿಯಲ್ಲಿ ಸೀಸದ ಸಾಲಿನ ಮುಂದೆ ಲೀಟರಿಗೆ 8 ಮೈಕ್ರೋಗ್ರಾಂ ಅಂತಿತ್ತು. ಮಿತಿ 10. ಅವರು ಕಾಗದವನ್ನು ಎರಡು ಸಲ ಓದಿದರು. ಆಮೇಲೆ, "ಮೇಡಂ, ಈ ನೀರಲ್ಲಿ ಮಗುವಿಗೆ ಹಾಲಿನ ಪುಡಿ ಕಲಸಿ ಕೊಡಬಹುದಾ?" ಎಂದು ಕೇಳಿದರು.

"ಮಿತಿಯೊಳಗಿದೆ ಅಮ್ಮ" ಎಂದೆ.

"ಅದು ಇಲ್ಲೇ ಬರೆದಿದೆಯಲ್ಲ ಮೇಡಂ. ಕೊಡಬಹುದಾ ಅಂತ ಕೇಳಿದ್ದು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಸ್ವಲ್ಪ ಹೊತ್ತು ಕಾದು, ಕಾಗದ ಮಡಚಿಕೊಂಡು ಹೊರಟುಹೋದರು. ಅವತ್ತಿನಿಂದ ಆ 10 ಎನ್ನುವ ಅಂಕಿಯ ಬೆನ್ನು ಹತ್ತಿದೆ. ಈ ಪತ್ರ ಬರೆಯುತ್ತಿರುವುದು ಅಲ್ಲಿ ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುವುದಕ್ಕೆ. ನೀವು ಯಾವ ದೇಶದವರೇ ಆಗಿರಿ, ಯಾವ ಸಮಿತಿಯಲ್ಲೇ ಕೂತಿರಿ, ನೀರಿಗೋ ಗಾಳಿಗೋ ಮಣ್ಣಿಗೋ ಒಂದು ‘ಸುರಕ್ಷಿತ ಮಿತಿ’ ನಿಗದಿ ಮಾಡುವ ಕೆಲಸ ನಿಮ್ಮದಾಗಿದ್ದರೆ, ಇದು ನಿಮಗೇ ಬರೆದದ್ದು.

ಸೀಸಕ್ಕೆ ಲೀಟರಿಗೆ 10 ಮೈಕ್ರೋಗ್ರಾಂ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಕುಡಿಯುವ ನೀರಿನ ಮಾರ್ಗಸೂಚಿಯಲ್ಲಿರುವ ಅಂಕಿ. ಒಂದು ವಾರದಲ್ಲಿ ಮನುಷ್ಯ ಇಷ್ಟು ಸೀಸ ತಾಳಿಕೊಳ್ಳಬಲ್ಲ ಎನ್ನುವ ಲೆಕ್ಕದ ಮೇಲೆ ಅದು ನಿಂತಿತ್ತು. 2010ರಲ್ಲಿ ತಜ್ಞರ ಸಮಿತಿ ಆ ಲೆಕ್ಕವನ್ನೇ ಹಿಂದಕ್ಕೆ ತೆಗೆದುಕೊಂಡಿತು. ಅಷ್ಟು ಕಡಿಮೆ ಸೀಸವೂ ಮಕ್ಕಳ ಬುದ್ಧಿಗೆ ಪೆಟ್ಟು ಕೊಡುತ್ತದೆ ಅಂತ ಗೊತ್ತಾಗಿತ್ತು. ಹಾಗಾದರೆ 10 ಯಾಕೆ ಉಳಿಯಿತು? ಸಂಸ್ಥೆಯೇ ಅದನ್ನು ಮುಚ್ಚುಮರೆ ಇಲ್ಲದೆ ಹೇಳಿದೆ. ಈ ಅಂಕಿ ಈಗ ಆರೋಗ್ಯದ ಲೆಕ್ಕದಿಂದ ಬಂದದ್ದಲ್ಲ. ನೀರನ್ನು ಎಷ್ಟರ ಮಟ್ಟಿಗೆ ಶುದ್ಧ ಮಾಡಬಹುದು, ಎಷ್ಟರ ಮಟ್ಟಿಗೆ ಅಳೆಯಬಹುದು ಅಂತ ನೋಡಿ ತಾತ್ಕಾಲಿಕವಾಗಿ ಇಟ್ಟುಕೊಂಡದ್ದು. ಸೀಸಕ್ಕೆ ಸುರಕ್ಷಿತ ಮಟ್ಟ ಎಂಬುದು ಗೊತ್ತಿಲ್ಲ ಎಂದೂ ಅದೇ ಸಂಸ್ಥೆ ಹೇಳುತ್ತದೆ. ಪುಟ್ಟ ಮಕ್ಕಳ ಹೊಟ್ಟೆ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಸೀಸವನ್ನು ಹೀರಿಕೊಳ್ಳುತ್ತದೆ ಎಂದೂ ಹೇಳುತ್ತದೆ.

ಇದು ಗುಟ್ಟಿನ ದಾಖಲೆಯಲ್ಲ. ಯಾರು ಬೇಕಾದರೂ ಓದಬಹುದು. ಆದರೆ ಅದೇ ಅಂಕಿ ನಮ್ಮ ಫಾರಂಗೆ ಇಳಿಯುವಾಗ ವಿವರಣೆಯೆಲ್ಲ ಉದುರಿಹೋಗಿತ್ತು. ‘ಇಷ್ಟು ಮಾತ್ರ ನಮ್ಮ ಕೈಲಾಗುತ್ತದೆ’ ಎನ್ನುವ ಅಂಕಿ ‘ಇಷ್ಟಿದ್ದರೆ ಏನೂ ಆಗಲ್ಲ’ ಎನ್ನುವ ಅಂಕಿಯಾಗಿ ಆ ತಾಯಿಯ ಕೈಗೆ ಹೋಯಿತು.

ನನ್ನ ದೂರು ಇಷ್ಟೇ. ಎಷ್ಟು ಸೀಸ ಮಗುವಿನ ಮೈಗೆ ಏನು ಮಾಡುತ್ತದೆ ಅಂತ ವಿಜ್ಞಾನ ಹೇಳಬಲ್ಲದು. ಅಷ್ಟಾದರೂ ಪರವಾಗಿಲ್ಲ ಅಂತ ಅದು ಹೇಳಲಾರದು. ‘ಪರವಾಗಿಲ್ಲ’ ಎನ್ನುವುದು ನೀವು ಮಾಡಿದ ತೀರ್ಮಾನ. ನ್ಯಾಯ ಅನ್ಯಾಯದ ತೀರ್ಮಾನ. ಅದನ್ನು ಮಾಡಲೇಬೇಕು, ನನಗೂ ಗೊತ್ತು. ಆದರೆ ಅದನ್ನು ವಿಜ್ಞಾನದ ಬಾಯಿಂದ ಹೇಳಿಸುತ್ತೀರಿ. ಯಾರಿಗೆ ‘ಪರವಾಗಿಲ್ಲ’ ಅಂದಿರೋ, ಅವರನ್ನು ಕೇಳಿಯೇ ಇರುವುದಿಲ್ಲ.

ಮಿತಿಗಳು ಹೇಗೆ ಹುಟ್ಟುತ್ತವೆ ಅಂತ ಹೊರಗಿನವರಿಗೆ ಗೊತ್ತಿರುವುದು ಕಡಿಮೆ. ಎಷ್ಟೋ ರಾಸಾಯನಿಕಗಳಿಗೆ ಲೆಕ್ಕ ಹೀಗೆ ನಡೆಯುತ್ತದೆ. ಇಲಿಗಳಿಗೆ ಬೇರೆಬೇರೆ ಪ್ರಮಾಣದಲ್ಲಿ ಕೊಟ್ಟು ನೋಡುತ್ತಾರೆ. ಯಾವ ತೊಂದರೆಯೂ ಕಾಣದ ಪ್ರಮಾಣವನ್ನು 100ರಿಂದ ಭಾಗಿಸುತ್ತಾರೆ. ಇಲಿಗೂ ಮನುಷ್ಯನಿಗೂ ವ್ಯತ್ಯಾಸ ಇರಬಹುದು ಅಂತ ಒಂದು ಹತ್ತು; ಮನುಷ್ಯ ಮನುಷ್ಯರಲ್ಲೇ ವ್ಯತ್ಯಾಸ ಇರಬಹುದು ಅಂತ ಇನ್ನೊಂದು ಹತ್ತು. ಈ 100 ಎನ್ನುವುದನ್ನು 1954ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಲೇಮನ್ ಮತ್ತು ಫಿಟ್ಜ್‌ಹ್ಯೂ ಎಂಬ ವಿಜ್ಞಾನಿಗಳು ಮುಂದಿಟ್ಟರು. ಯಾವ ಸೂಕ್ಷ್ಮದರ್ಶಕದಲ್ಲೂ ಕಂಡ ಸಂಖ್ಯೆ ಅದಲ್ಲ. ಎಚ್ಚರಿಕೆ ಇರಲಿ ಅಂತ ಇಬ್ಬರು ತಿಳಿದವರು ಆರಿಸಿದ್ದು. ಒಳ್ಳೆಯ ಆಯ್ಕೆಯೇ, ನಾನು ತಪ್ಪು ಹುಡುಕುತ್ತಿಲ್ಲ. 1996ರಲ್ಲಿ ಅಮೆರಿಕದ ಕಾನೂನು ಕೀಟನಾಶಕಗಳ ವಿಷಯದಲ್ಲಿ ಮಕ್ಕಳಿಗೋಸ್ಕರ ಇನ್ನೊಂದು ಹತ್ತನ್ನು ಸೇರಿಸಿತು. ಇಲಿಗಳು ಅಷ್ಟರಲ್ಲಿ ಬದಲಾಗಿರಲಿಲ್ಲ. ಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತ ಜನ ತೀರ್ಮಾನಿಸಿದ್ದರು.

ಸೀಸದ ಕಥೆಯನ್ನು ಇನ್ನಷ್ಟು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಪೆಟ್ರೋಲಿಗೆ ಸೀಸ ಸೇರಿಸಿದರೆ ಎಂಜಿನ್ ಬಡಿದುಕೊಳ್ಳುವುದು ನಿಲ್ಲುತ್ತದೆ ಅಂತ 1921ರಲ್ಲಿ ಕಂಡುಹಿಡಿದರು. 1923ರಲ್ಲಿ ಮಾರಾಟಕ್ಕೆ ಬಂತು. ಮಾರನೇ ವರ್ಷವೇ ಅದನ್ನು ತಯಾರಿಸುತ್ತಿದ್ದ ನ್ಯೂಜೆರ್ಸಿಯ ಘಟಕದಲ್ಲಿ ಕಾರ್ಮಿಕರು ಬುದ್ಧಿ ಭ್ರಮಣೆಯಾಗಿ ಸತ್ತರು. 1925ರಲ್ಲಿ ಸರ್ಕಾರ ಒಂದು ಸಭೆ ಕರೆಯಿತು. ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಅಲ್ಲಿ ಎದ್ದುನಿಂತು ಸೀಸದ ಅಪಾಯವನ್ನು ಎಚ್ಚರಿಸಿದರು. ಉದ್ಯಮದ ಪರವಾಗಿ ನಿಂತ ರಾಬರ್ಟ್ ಕೀಹೋ ಅವರ ವಾದ ಬೇರೆ. ಹಾನಿಯಾಗುತ್ತದೆ ಅಂತ ತೋರಿಸಿ, ಆಮೇಲೆ ನಿಲ್ಲಿಸುವ ಮಾತು. ಗೆದ್ದದ್ದು ಆ ವಾದ. ಅಲ್ಲಿಂದ ಸುಮಾರು 40 ವರ್ಷ ಈ ಸೀಸದ ಬಗ್ಗೆ ನಡೆದ ಸಂಶೋಧನೆ ಬಹುಪಾಲು ಉದ್ಯಮದ ಹಣದಲ್ಲೇ ನಡೆಯಿತು. ತೋರಿಸಬೇಕಾದವರ ಕೈಯಲ್ಲಿ ದುಡ್ಡಿಲ್ಲ, ದುಡ್ಡಿದ್ದವರಿಗೆ ತೋರಿಸುವ ಅಗತ್ಯ ಇಲ್ಲ.

ಕೀಹೋ ಇನ್ನೊಂದು ಮಾತು ಹೇಳುತ್ತಿದ್ದರು: ಎಲ್ಲರ ಮೈಯಲ್ಲೂ ಒಂದಿಷ್ಟು ಸೀಸ ಇದೆ, ಹಾಗಾಗಿ ಅದು ಸಹಜ. ಇದನ್ನು ಒಡೆದವರು ಭೂಮಿಯ ವಯಸ್ಸು ಲೆಕ್ಕ ಹಾಕುತ್ತಿದ್ದ ಕ್ಲೇರ್ ಪ್ಯಾಟರ್ಸನ್. ಉಲ್ಕಾಶಿಲೆಗಳಲ್ಲಿದ್ದ ಸೀಸ ಅಳೆದು ಭೂಮಿಗೆ 455 ಕೋಟಿ ವರ್ಷ ಅಂತ 1956ರಲ್ಲಿ ಹೇಳಿದವರು ಅವರೇ. ಅಳೆಯುವಾಗ ಅವರಿಗೆ ಒಂದೇ ಕಾಟ. ಎಷ್ಟು ತೊಳೆದರೂ ಉಪಕರಣಗಳಲ್ಲಿ, ಮೇಜಿನ ಮೇಲೆ, ಗಾಳಿಯಲ್ಲಿ, ತಮ್ಮ ತಲೆಗೂದಲಿನಲ್ಲಿ ಸೀಸ. ಅದಕ್ಕಾಗಿ ಧೂಳೇ ಇಲ್ಲದ ಪ್ರಯೋಗಾಲಯ ಕಟ್ಟಿದರು. ಆಗ ಅವರಿಗೆ ಹೊಳೆಯಿತು: ಎಲ್ಲ ಕಡೆ ಇದೆ ಅಂದಮಾತ್ರಕ್ಕೆ ಸಹಜ ಅಂತಲ್ಲ, ಎಲ್ಲ ಕಡೆ ಕೊಳೆಯಾಗಿದೆ ಅಂತ ಅರ್ಥ. ಈ ಕಾಲದ ಮನುಷ್ಯನ ಮೈಯಲ್ಲಿ ಸಹಜವಾಗಿ ಇರಬೇಕಾದದ್ದಕ್ಕಿಂತ ಸುಮಾರು ನೂರು ಪಟ್ಟು ಸೀಸ ಇದೆ ಎಂದು 1965ರಲ್ಲಿ ಬರೆದರು. 1971ರಲ್ಲಿ ಗಾಳಿಯ ಸೀಸದ ಬಗ್ಗೆ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಸಮಿತಿ ಮಾಡಿದಾಗ ಅದರಲ್ಲಿ ಪ್ಯಾಟರ್ಸನ್‌ಗೆ ಜಾಗ ಸಿಗಲಿಲ್ಲ.

ಇನ್ನು ಮಕ್ಕಳ ರಕ್ತದ ಲೆಕ್ಕ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ‘ಇದಕ್ಕಿಂತ ಜಾಸ್ತಿ ಇದ್ದರೆ ಕ್ರಮ ಬೇಕು’ ಅಂತ ಇಟ್ಟ ಮಟ್ಟ 1975ರಲ್ಲಿ ಡೆಸಿಲೀಟರಿಗೆ, ಅಂದರೆ ಲೀಟರಿನ ಹತ್ತನೇ ಒಂದು ಭಾಗ ರಕ್ತಕ್ಕೆ, 30 ಮೈಕ್ರೋಗ್ರಾಂ. 1985ರಲ್ಲಿ 25. 1991ರಲ್ಲಿ 10. 2012ರಲ್ಲಿ 5. 2021ರಲ್ಲಿ 3.5. 1984ರಲ್ಲಿ ರಕ್ತದಲ್ಲಿ 28 ಇದ್ದ ಮಗುವನ್ನು ವೈದ್ಯರು ‘ಸರಿಯಾಗಿದೆ’ ಅಂತ ಮನೆಗೆ ಕಳಿಸಬಹುದಿತ್ತು. ಒಂದೇ ವರ್ಷದಲ್ಲಿ ಅದೇ ಮಗು ಅಪಾಯದ ಪಟ್ಟಿಗೆ ಬಂತು. ಮಗುವಿನ ಮಿದುಳಿನಲ್ಲಿ ಸೀಸ ತನ್ನ ಕೆಲಸವನ್ನು ಎರಡೂ ವರ್ಷ ಒಂದೇ ಥರ ಮಾಡುತ್ತಿತ್ತು. ಸೀಸದ ಪೆಟ್ರೋಲು ಜಗತ್ತಿನ ಎಲ್ಲ ಬಂಕ್‌ಗಳಿಂದ ಹೋದದ್ದು 2021ರಲ್ಲಿ. ಕೊನೆಗೆ ನಿಲ್ಲಿಸಿದ ದೇಶ ಅಲ್ಜೀರಿಯಾ. ಹ್ಯಾಮಿಲ್ಟನ್ ಎಚ್ಚರಿಸಿ 96 ವರ್ಷ ಆಗಿತ್ತು.

ವಿಜ್ಞಾನ ತಿದ್ದಿಕೊಳ್ಳುತ್ತಾ ಹೋಗುತ್ತದೆ, ಅದರಲ್ಲೇನು ತಪ್ಪು ಅಂತ ನೀವು ಕೇಳಬಹುದು. ತಪ್ಪಿಲ್ಲ. ಅದಕ್ಕೆ ಅದನ್ನು ನಂಬುತ್ತೇನೆ. ಆದರೆ ಅದು ತಿದ್ದಿಕೊಳ್ಳುವವರೆಗಿನ ಕಾಲವನ್ನು ಯಾರೋ ತಮ್ಮ ಮೈಮೇಲೆ ಹೊತ್ತುಕೊಂಡಿರುತ್ತಾರೆ. ಗೊತ್ತಿಲ್ಲದಿರುವಾಗ ಯಾರ ಕಡೆಗೆ ವಾಲಬೇಕು ಎನ್ನುವುದನ್ನು ಪ್ರಯೋಗಾಲಯದಲ್ಲಿ ನಾನು ಅಳೆದು ಕೊಡಲಾರೆ.

ಒಬ್ಬ ತಾಯಿಯ ವಿಷಯ ಹೇಳಬೇಕು. ಜಪಾನಿನ ಮಿನಮಾಟಾ. ಕಡಲ ತೀರದ ಊರು. ಚಿಸ್ಸೋ ಕಂಪನಿಯ ಕಾರ್ಖಾನೆಯಿಂದ ಪಾದರಸ ಕೊಲ್ಲಿಗೆ ಹೋಗಿ, ಮೀನಿಗೆ ಸೇರಿ, ಮೀನು ತಿಂದವರ ನರಗಳನ್ನು ಹಾಳು ಮಾಡಿತ್ತು. 1961ರಲ್ಲಿ ಮಾಸಾಝುಮಿ ಹರಾಡಾ ಎಂಬ ಯುವ ವೈದ್ಯರು ಅಲ್ಲಿ ಮನೆಮನೆಗೆ ಹೋಗುತ್ತಿದ್ದರು. ಒಂದು ಮನೆಯ ಜಗಲಿಯಲ್ಲಿ ಅಣ್ಣ ತಮ್ಮ ಇಬ್ಬರು ಹುಡುಗರು ಆಡಿಕೊಂಡಿದ್ದರು. ಇಬ್ಬರಲ್ಲೂ ಒಂದೇ ಥರದ ಲಕ್ಷಣ. ಇಬ್ಬರಿಗೂ ಮಿನಮಾಟಾ ಕಾಯಿಲೆಯೇ ಎಂದು ಕೇಳಿದರು. ದೊಡ್ಡವನಿಗೆ ಅದೇ, ಚಿಕ್ಕವನಿಗೆ ಹುಟ್ಟಿನಿಂದ ಬಂದ ಬೇರೆ ತೊಂದರೆ ಅಂತ ತಾಯಿ ಹೇಳಿದರು. ಯಾಕೆ ಹಾಗೆ? ಚಿಕ್ಕವನು ಮೀನು ತಿಂದಿಲ್ಲ, ಅದಕ್ಕೆ ವೈದ್ಯರು ಹಾಗೆ ಹೇಳುತ್ತಾರೆ. ಆದರೆ ಆ ತಾಯಿ ಅದನ್ನು ಒಪ್ಪಿರಲಿಲ್ಲ. ಮೀನು ತಿಂದದ್ದು ನಾನು, ಅದು ಹೊಟ್ಟೆಯಲ್ಲಿದ್ದ ಇವನಿಗೆ ಹೋಗಿದೆ ಅಂದರು.

ಆ ಕಾಲದ ವೈದ್ಯಶಾಸ್ತ್ರದ ಪ್ರಕಾರ ಅದು ಆಗುವ ಮಾತಲ್ಲ. ಗರ್ಭದ ಮಾಸು ವಿಷವನ್ನು ತಡೆಯುತ್ತದೆ ಎಂದು ಎಲ್ಲರೂ ನಂಬಿದ್ದರು. ಹರಾಡಾ ಅವರ ದೊಡ್ಡತನ ಏನೆಂದರೆ, ಆಕೆಗೆ ಪಾಠ ಹೇಳಲು ಹೋಗಲಿಲ್ಲ. ಆಕೆ ಹೇಳಿದ್ದು ನಿಜವೋ ಅಂತ ಹುಡುಕಿದರು. ಅಂಥ ಮಕ್ಕಳು ಊರಿನಲ್ಲಿ ಇನ್ನೂ ಇದ್ದರು. 1962ರಲ್ಲಿ ಗರ್ಭದಲ್ಲೇ ಬಂದ ಮಿನಮಾಟಾ ಕಾಯಿಲೆ ಎಂದು ಒಪ್ಪಿಕೊಳ್ಳಲಾಯಿತು. ಮುಂದೆ ಅವರು ಹೊಕ್ಕುಳ ಬಳ್ಳಿಗಳನ್ನು ಸಂಗ್ರಹಿಸಿದರು. ಮಗುವಿನ ಒಣಗಿದ ಹೊಕ್ಕುಳ ಬಳ್ಳಿಯನ್ನು ಪುಟ್ಟ ಪೆಟ್ಟಿಗೆಯಲ್ಲಿಟ್ಟು ಜೋಪಾನ ಮಾಡುವುದು ಅಲ್ಲಿನ ರೂಢಿ. ಆ ಪೆಟ್ಟಿಗೆಗಳೊಳಗಿನ ಚೂರುಗಳಲ್ಲಿ ಪಾದರಸ ಸಿಕ್ಕಿತು. ತಾಯಂದಿರು ಪ್ರೀತಿಯಿಂದ ಎತ್ತಿಟ್ಟುಕೊಂಡದ್ದೇ ಸಾಕ್ಷಿಯಾಯಿತು. ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಸುಮ್ನೆ ಕೂತುಬಿಟ್ಟಿದ್ದೆ.

ಅದೇ ಊರಿನಲ್ಲಿ ಇನ್ನೊಂದು ಥರದ ವಿಜ್ಞಾನವೂ ಇತ್ತು. ಕಾರ್ಖಾನೆಯ ಆಸ್ಪತ್ರೆಯ ವೈದ್ಯ ಹೊಸೊಕಾವಾ 1959ರಲ್ಲಿ ಒಂದು ಬೆಕ್ಕಿಗೆ ಕಾರ್ಖಾನೆಯ ತ್ಯಾಜ್ಯ ನೀರನ್ನೇ ಆಹಾರದಲ್ಲಿ ಬೆರೆಸಿ ಕೊಟ್ಟರು. ಪ್ರಯೋಗದ ಲೆಕ್ಕದಲ್ಲಿ ಅದು 400ನೇ ಬೆಕ್ಕು. ಅಕ್ಟೋಬರ್‌ನಲ್ಲಿ ಅದಕ್ಕೆ ಅದೇ ಕಾಯಿಲೆ ಬಂತು. ಫಲಿತಾಂಶ ಹೊರಗೆ ಬರದಂತೆ ಕಂಪನಿ ನೋಡಿಕೊಂಡಿತು. ಆ ಪಾದರಸ ಬರುತ್ತಿದ್ದ ಉತ್ಪಾದನೆ ನಿಂತದ್ದು, ಸರ್ಕಾರ ಕಾರಣವನ್ನು ಒಪ್ಪಿಕೊಂಡದ್ದು ಎರಡೂ 1968ರಲ್ಲಿ. ನಡುವೆ ಒಂಬತ್ತು ವರ್ಷ. ಅಷ್ಟರಲ್ಲಿ ನೀಗಾಟಾ ಎಂಬಲ್ಲೂ, ಬೇರೆ ಕಂಪನಿಯಿಂದ, ಅದೇ ಕಾಯಿಲೆ ಬಂದಾಗಿತ್ತು. ಆದ್ದರಿಂದ ‘ಇನ್ನಷ್ಟು ವಿಜ್ಞಾನ ಬೇಕು’ ಎನ್ನುವ ಮಾತು ಕೇಳಿದಾಗ ನನಗೆ ಭಯವಾಗುತ್ತದೆ. ಅಲ್ಲಿ ವಿಜ್ಞಾನ ಇತ್ತು, ಬೀರುವಿನಲ್ಲಿತ್ತು.

ನೀವು ಕೆಟ್ಟ ಉದ್ದೇಶದ ಕಂಪನಿಗಳ ಕಥೆ ಹೇಳುತ್ತಿದ್ದೀರಿ, ನಾವು ಪ್ರಾಮಾಣಿಕರು ಅನ್ನಬಹುದು. ಪ್ರಾಮಾಣಿಕರೂ ಎಡವುತ್ತಾರೆ. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸ್ಫೋಟವಾದ ಮೇಲೆ ಸೀಸಿಯಂ ಎಂಬ ವಿಕಿರಣ ಸೂಸುವ ಲೋಹ ಮಳೆಯ ಜೊತೆ ಇಂಗ್ಲೆಂಡಿನ ಕಂಬ್ರಿಯಾ ಬೆಟ್ಟಗಳ ಮೇಲೆ ಇಳಿಯಿತು. ಕುರಿ ಮಾರಬಾರದು ಅಂತ ಜೂನ್‌ನಲ್ಲಿ ನಿಷೇಧ ಬಂತು. ಮೂರು ವಾರ ಮಾತ್ರ ಎಂದಿದ್ದರು. ಅಲ್ಲಿನ ಕೊನೆಯ ನಿರ್ಬಂಧ ಹೋದದ್ದು 2012ರಲ್ಲಿ! ಲೆಕ್ಕ ತಪ್ಪಿದ್ದು ಎಲ್ಲಿ? ವಿಜ್ಞಾನಿಗಳ ಲೆಕ್ಕ ಜೇಡಿಮಣ್ಣಿಗೆ ಸರಿಯಾಗಿತ್ತು. ಜೇಡಿಮಣ್ಣು ಸೀಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೆಟ್ಟದ ಮೇಲಿದ್ದದ್ದು ಕೊಳೆತ ಗಿಡಗಂಟಿಯಿಂದಾದ ಹುಳಿ ಮಣ್ಣು. ಅದು ಹಿಡಿಯಲಿಲ್ಲ. ಸೀಸಿಯಂ ಹುಲ್ಲಿಗೆ ಏರಿತು, ಹುಲ್ಲಿನಿಂದ ಕುರಿಗೆ.

ಆಮೇಲೊಂದು ಪ್ರಯೋಗ ಹೂಡಿದರು. ಬೇಲಿ ಹಾಕಿ, ಒಳಗೆ ಒಂದು ಬಗೆಯ ಖನಿಜ ಚೆಲ್ಲಿ, ಕುರಿ ಮೇಯಿಸಿ ನೋಡುವುದು. ಬೆಟ್ಟದಲ್ಲಿ ಬಿಟ್ಟು ಬೆಳೆದ ಕುರಿ ಬೇಲಿಯೊಳಗೆ ಸೊರಗುತ್ತದೆ, ನಿಮ್ಮ ಲೆಕ್ಕ ಕೆಡುತ್ತದೆ ಅಂತ ಕುರಿ ಸಾಕುವವರು ಮೊದಲೇ ಹೇಳಿದರು. ಕೇಳಲಿಲ್ಲ. ಕೊನೆಗೆ ಅದೇ ಕಾರಣಕ್ಕೆ ಪ್ರಯೋಗ ಕೈಬಿಟ್ಟರು. ಇದನ್ನೆಲ್ಲ ಹತ್ತಿರದಿಂದ ನೋಡಿ ಬರೆದಿಟ್ಟವರು ಸಮಾಜಶಾಸ್ತ್ರಜ್ಞ ಬ್ರಯನ್ ವಿನ್. ಕುರಿ ಸಾಕುವವರಿಗೆ ಭೌತಶಾಸ್ತ್ರ ಗೊತ್ತಿರಲಿಲ್ಲ, ನಿಜ. ಕುರಿ ಗೊತ್ತಿತ್ತು, ಮಣ್ಣು ಗೊತ್ತಿತ್ತು. ಜನರಿಗೆ ‘ತಿಳಿವಳಿಕೆ ಮೂಡಿಸುವ’ ಕಾರ್ಯಕ್ರಮ ಹಾಕಿಕೊಳ್ಳುತ್ತೀರಲ್ಲ, ಅವರ ತಿಳಿವಳಿಕೆಯನ್ನು ನೀವು ತೆಗೆದುಕೊಳ್ಳುವ ಕಾರ್ಯಕ್ರಮವೂ ಬೇಕು ಅಲ್ವಾ? ಅದೂ ವರದಿ ಬರೆದಾದ ಮೇಲಲ್ಲ, ಪ್ರಯೋಗ ಹೂಡುವ ಮೊದಲು.

ಇನ್ನೊಂದು ಅಂಕಿಯ ಬಗ್ಗೆ ಚಿಕ್ಕದಾಗಿ. ಹವಾಮಾನದ ಲೆಕ್ಕಗಳಲ್ಲಿ ಮುಂದೆ ಆಗುವ ನಷ್ಟವನ್ನು ಈಗಿನ ಬೆಲೆಗೆ ಇಳಿಸಲು ವರ್ಷಕ್ಕೆ ಶೇಕಡಾ ಇಷ್ಟು ಅಂತ ಒಂದು ದರ ಹಿಡಿಯುತ್ತಾರೆ. 100 ವರ್ಷದ ಮೇಲೆ ಆಗುವ 100 ಭಾಗದ ನಷ್ಟ, ಶೇಕಡಾ 1.4 ಹಿಡಿದರೆ ಇವತ್ತಿಗೆ ಸುಮಾರು 25 ಭಾಗ. ಶೇಕಡಾ 5 ಹಿಡಿದರೆ ಒಂದು ಭಾಗವೂ ಇಲ್ಲ. ನೀವೇ ಲೆಕ್ಕ ಹಾಕಿ ನೋಡಿ. ಈ ದರವನ್ನು ಯಾವ ಥರ್ಮಾಮೀಟರೂ ತೋರಿಸುವುದಿಲ್ಲ. ಇನ್ನೂ ಹುಟ್ಟದ ಮೊಮ್ಮಕ್ಕಳ ಬದುಕಿಗೆ ನಾವು ಕೊಡುವ ತೂಕ ಅದರೊಳಗೆ ಕೂತಿದೆ. ವರದಿಯ ಅನುಬಂಧದಲ್ಲಿ, ಸಣ್ಣ ಅಕ್ಷರದಲ್ಲಿ.

ಹೀಗೆಲ್ಲ ಬರೆದರೆ ನಿಮ್ಮ ಕೆಲಸ ಆಗದ ಕೆಲಸ ಅನಿಸಬಹುದು. ಹಾಗೇನಿಲ್ಲ. ಓಜೋನ್ ವಿಷಯದಲ್ಲಿ ಜಗತ್ತು ಇದನ್ನು ಮಾಡಿ ತೋರಿಸಿದೆ. ಫ್ರಿಜ್‌ನಲ್ಲಿ, ಸ್ಪ್ರೇ ಡಬ್ಬಿಗಳಲ್ಲಿ ಬಳಸುವ ಸಿಎಫ್‌ಸಿ ಅನಿಲ ಓಜೋನ್ ಪದರವನ್ನು ತಿನ್ನಬಹುದು ಅಂತ 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಹೇಳಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಓಜೋನ್ ಕುಸಿದಿರುವುದನ್ನು ಬ್ರಿಟಿಷ್ ತಂಡ ಪ್ರಕಟಿಸಿತು. ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1987ರ ಸೆಪ್ಟೆಂಬರ್ 16ರಂದು. ಕುಸಿತಕ್ಕೆ ಸಿಎಫ್‌ಸಿಯೇ ಕಾರಣ ಎಂದು ಖಚಿತ ಮಾಡಲು ಹೊರಟ ವಿಮಾನಗಳು ಆಗ ಇನ್ನೂ ಅಂಟಾರ್ಕ್ಟಿಕಾದ ಮೇಲೆ ಹಾರುತ್ತಿದ್ದವು. ಕೊನೆಯ ಸಾಕ್ಷಿ ಬರಲಿ ಅಂತ ಕಾಯಲಿಲ್ಲ. ಮುನ್ನೆಚ್ಚರಿಕೆಯ ಕ್ರಮ ಎಂದು ಒಪ್ಪಂದದ ಪೀಠಿಕೆಯಲ್ಲೇ ಬರೆದರು.

ಅಷ್ಟೇ ಆಗಿದ್ದರೆ ಅದು ಕಾಗದದಲ್ಲೇ ಉಳಿಯುತ್ತಿತ್ತು. ಸಿಎಫ್‌ಸಿಯನ್ನು ಹೆಚ್ಚು ಬಳಸಿದವರು ಶ್ರೀಮಂತ ದೇಶಗಳು. ಆಗಷ್ಟೇ ಫ್ರಿಜ್ ಕೊಳ್ಳಲು ಶುರು ಮಾಡಿದ ದೇಶಗಳಿಗೆ ನೀವೂ ನಾಳೆಯೇ ನಿಲ್ಲಿಸಿ ಅನ್ನುವುದು ನ್ಯಾಯವಲ್ಲ. ಅದಕ್ಕೆ ಬಡ ದೇಶಗಳಿಗೆ ಹತ್ತು ವರ್ಷ ಹೆಚ್ಚು ಸಮಯ ಕೊಟ್ಟರು. 1990ರಲ್ಲಿ ಒಂದು ನಿಧಿಗೆ ಒಪ್ಪಿ, ಬದಲಾವಣೆಯ ಖರ್ಚನ್ನು ಶ್ರೀಮಂತ ದೇಶಗಳು ಹೊತ್ತವು. ಅದಾದ ಮೇಲೇ ಒಪ್ಪಂದಕ್ಕೆ ಬಲ ಬಂದದ್ದು ಎಂದು ನನ್ನ ಅಭಿಪ್ರಾಯ. 2009ರ ಹೊತ್ತಿಗೆ ವಿಶ್ವಸಂಸ್ಥೆಯ ಎಲ್ಲ ದೇಶಗಳೂ ಅದನ್ನು ಒಪ್ಪಿದ್ದವು. ಈಗಿನ ದಾರಿಯಲ್ಲೇ ಹೋದರೆ ಅಂಟಾರ್ಕ್ಟಿಕಾದ ಮೇಲಿನ ಓಜೋನ್ ಸುಮಾರು 2066ರ ಹೊತ್ತಿಗೆ 1980ರ ಮಟ್ಟಕ್ಕೆ ಮರಳುತ್ತದೆ ಎಂದು 2022ರ ವೈಜ್ಞಾನಿಕ ವರದಿ ಹೇಳಿದೆ. ಅಂದಹಾಗೆ ಪೆಟ್ರೋಲಿಗೆ ಸೀಸ ಹಾಕುವುದನ್ನು ಕಂಡುಹಿಡಿದ ಥಾಮಸ್ ಮಿಡ್ಗ್ಲಿಯೇ ಫ್ರಿಜ್‌ಗೆ ಈ ಅನಿಲವನ್ನೂ ಕಂಡುಹಿಡಿದದ್ದು. ಒಂದನ್ನು ನಿಲ್ಲಿಸಲು ನೂರು ವರ್ಷ ಬೇಕಾಯಿತು. ಇನ್ನೊಂದನ್ನು, ಅಪಾಯ ಗೊತ್ತಾದ 13 ವರ್ಷಕ್ಕೆ ಒಪ್ಪಂದಕ್ಕೆ ತಂದರು.

ನಾನು ಸೊನ್ನೆ ಮಿತಿ ಕೊಡಿ ಅಂತ ಕೇಳುತ್ತಿಲ್ಲ. ಹಳೆಯ ಕೊಳವೆಗಳನ್ನೆಲ್ಲ ಒಂದೇ ದಿನ ಕಿತ್ತು ಹಾಕಲು ಯಾರಿಂದಲೂ ಆಗದು. ಸದ್ಯಕ್ಕೆ ಇಷ್ಟೇ ಸಾಧ್ಯ ಎಂದರೆ ಜನ ಕೇಳಿಸಿಕೊಳ್ಳುತ್ತಾರೆ, ಹಾಗಂತ ಹೇಳಿದರೆ. ಜನ ಹೆದರಿಬಿಡುತ್ತಾರೆ ಎನ್ನುವ ನೆಪ ಬೇಡ. ಆ ತಾಯಿಗೆ ಅವತ್ತು ನಾನು ಹೇಳಬಹುದಾಗಿದ್ದದ್ದು ಎಷ್ಟೋ ಇತ್ತು. ಸೀಸ ಸಾಮಾನ್ಯವಾಗಿ ಬರುವುದು ಕೊಳವೆ, ನಲ್ಲಿಗಳಿಂದ. ರಾತ್ರಿಯೆಲ್ಲ ನಿಂತ ನೀರಿನಲ್ಲಿ ಜಾಸ್ತಿ ಇರುತ್ತದೆ, ಅದನ್ನು ಬಿಟ್ಟು ಆಮೇಲಿನ ನೀರು ಹಿಡಿಯಿರಿ. ಕುದಿಸಿದರೆ ಸೀಸ ಹೋಗುವುದಿಲ್ಲ. ಮಗುವಿಗಾದರೂ ಬೇರೆ ನೀರು ಸಿಗುವುದಾದರೆ ಅದನ್ನು ಕೊಡಿ. ಇದಕ್ಕೆ ಒಂದು ನಿಮಿಷ ಸಾಕಿತ್ತು. ನನ್ನ ಕಣ್ಣು ಕಾಲಂ ಮೇಲಿತ್ತು, ಅವರ ಕಣ್ಣು ಮಗುವಿನ ಮೇಲೆ.

ಆ ವರದಿಯ ಖಾಲಿ ಫಾರಂ ಒಂದು ನನ್ನ ಹತ್ತಿರ ಇನ್ನೂ ಇದೆ. ಫಲಿತಾಂಶದ ಕೆಳಗೆ, ಸಹಿಯ ಮೇಲೆ, ಮೂರು ಬೆರಳಷ್ಟು ಜಾಗ ಸುಮ್ನೆ ಬಿದ್ದಿದೆ. ಅಲ್ಲಿ ಅಚ್ಚಾಗಬೇಕಾದದ್ದನ್ನು ಬರೆದು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ:

‘ಸೀಸಕ್ಕೆ ಸುರಕ್ಷಿತ ಮಟ್ಟ ಎಂಬುದು ಗೊತ್ತಿಲ್ಲ. ಮೇಲಿನ ಮಿತಿ, ಶುದ್ಧೀಕರಿಸಲು ಮತ್ತು ಅಳೆಯಲು ಸಾಧ್ಯವಾಗುವುದನ್ನು ನೋಡಿ ಇಟ್ಟದ್ದು. ಇದನ್ನು ಇಟ್ಟ ಸಮಿತಿಯಲ್ಲಿ ಇದ್ದವರು, ಇದನ್ನು ಮತ್ತೆ ಪರಿಶೀಲಿಸುವ ವರ್ಷ, ನಿಮ್ಮ ಮಾತು ಹೇಳಬೇಕಾದ ವಿಳಾಸ ಹಿಂದಿನ ಪುಟದಲ್ಲಿದೆ. ಮನೆಯಲ್ಲಿ ಪುಟ್ಟ ಮಕ್ಕಳು, ಬಸುರಿಯರು ಇದ್ದರೆ ದಯವಿಟ್ಟು ನಮ್ಮ ಸಿಬ್ಬಂದಿಯನ್ನು ಕೇಳಿ.’

ಮಾತಿನಲ್ಲಿ ತಪ್ಪಿದ್ದರೆ ತಿದ್ದಿ. ಸರಿ ಇದ್ದರೆ ಮುಂದಿನ ಸಲ ಫಾರಂ ಅಚ್ಚು ಹಾಕಿಸುವಾಗ ಸೇರಿಸಿ. ಹಿಂದಿನ ಪುಟವನ್ನು ತುಂಬಬೇಕಾದವರು ನೀವು.

ಇಂತಿ,
ನೀರು ಪರೀಕ್ಷೆ ಮಾಡುತ್ತಿದ್ದವಳು